ಉತ್ತರ ಯಾವ ಕಡೆಗೆ?

ಐವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾಗುವುದೆಂದರೆ ಸಣ್ಣ ಮಾತಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು, ಕನ್ನಡಕ ಏರಿಸಿಕೊಂಡು, ರಾತ್ರಿ ಒಂಬತ್ತೂವರೆಗೆ ಮೊಬೈಲನ್ನು ಉಪ್ಪಿನ ಜಾಡಿಗೆ ಒರಗಿಸಿ ನಿಲ್ಲಿಸಿ, 'ಕಲಿಕಾ ವಿನ್ಯಾಸ'ದ ಮೊದಲ ಪಾಠ ಕೇಳಲು ಕೂತ ದಿನ ನಮ್ಮ ಮನೆಯವರು ಪೇಪರಿನ ಮರೆಯಿಂದಲೇ, "ನಿನ್ನ ರಿಟೈರ್‌ಮೆಂಟಿಗೆ ಇನ್ನೆಷ್ಟು ವರ್ಷ ಇದೆ?" ಎಂದು ಕೇಳಿದರು. ಲೆಕ್ಕ ಅವರಿಗೂ ಗೊತ್ತಿತ್ತು. ನಾನು ಉತ್ತರ ಕೊಡಲಿಲ್ಲ.

ತರಬೇತಿಗಳೇನೂ ನಮಗೆ ಹೊಸತಲ್ಲ. ಕ್ಲಸ್ಟರ್ ಸಭೆ, ಬಿ.ಆರ್.ಸಿ.ಯಲ್ಲಿ ಐದು ದಿನ, ಮಧ್ಯಾಹ್ನದ ಪುಳಿಯೋಗರೆ, ಸಂಜೆ ಬಸ್ಸಿಗೆ ಓಟ, ಇದನ್ನೆಲ್ಲ ಕಂಡವಳು ನಾನು. 2017ರ ಸೆಪ್ಟೆಂಬರ್ 5ರಂದು ದೀಕ್ಷಾ ಎಂಬ ವೇದಿಕೆ ಬಂತು. ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡಿನ ಕಪ್ಪು ಚೌಕಗಳು ಬಂದವು. 2019ರಲ್ಲಿ ಮುಖಾಮುಖಿಯಾಗಿ ಶುರುವಾದ ನಿಷ್ಠಾ ತರಬೇತಿ, ಕೊರೋನಾದ ದೆಸೆಯಿಂದ 2020ರ ಅಕ್ಟೋಬರಿನಲ್ಲಿ ಆನ್‌ಲೈನಿಗೆ ಬಂತು. ನಾನು ಇಲ್ಲಿ ಹೇಳಹೊರಟಿರುವುದು ಅವುಗಳ ವಿಷಯವಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು, "ಅಮ್ಮಾ, ನಿಂಗೆ ಇದು ಇಷ್ಟ ಆಗತ್ತೆ" ಎಂದು ಹುಡುಕಿ ಸೇರಿಸಿದ ಆರು ವಾರಗಳ ಒಂದು ಖಾಸಗಿ ಕೋರ್ಸಿನ ವಿಷಯ. ಅದರ ಹೆಸರು ಇಲ್ಲಿ ಬೇಡ. ಅದರಂಥವು ಬೇಕಾದಷ್ಟಿವೆ, ನಿಮ್ಮಲ್ಲಿ ಕೆಲವರಾದರೂ ಹೊಲಿಗೆಯನ್ನೋ ಟ್ಯಾಲಿಯನ್ನೋ ಸ್ಪೋಕನ್ ಇಂಗ್ಲಿಷನ್ನೋ ಹೀಗೆ ಕಲಿತಿರುತ್ತೀರಿ.

ಮೊದಲು ತಪ್ಪೊಪ್ಪಿಗೆ. ಮೊದಲ ವಾರದ ವಿಡಿಯೋಗಳನ್ನು ನಾನು ನೋಡಲಿಲ್ಲ, ಓಡಿಸಿದೆ. ಅದು ತನ್ನ ಪಾಡಿಗೆ ಮಾತಾಡುತ್ತಿತ್ತು, ನಾನು ನನ್ನ ಪಾಡಿಗೆ ಮರುದಿನದ ಹುರುಳಿಕಾಯಿ ಹೆಚ್ಚುತ್ತಿದ್ದೆ. ಕೊನೆಯಲ್ಲಿ ಇಪ್ಪತ್ತು ಪ್ರಶ್ನೆ ಬಂದವು. ಅ, ಆ, ಇ, ಈ ಎಂಬ ನಾಲ್ಕು ಉತ್ತರಗಳಲ್ಲಿ ಯಾವುದು ಉದ್ದವಾಗಿತ್ತೋ ಅದನ್ನು ಒತ್ತುತ್ತ ಹೋದೆ. ಇಪ್ಪತ್ತಕ್ಕೆ ಹದಿನೆಂಟು! ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು. ಪರೀಕ್ಷೆಯಲ್ಲಿ ಹೀಗೆ ಮಾಡುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ನಾನು, ಆ ರಾತ್ರಿ ಒಂದಿಷ್ಟೂ ನಾಚಿಕೆಯಿಲ್ಲದೆ ಮಲಗಿದೆ.

ಎರಡನೆಯ ವಾರ ಒಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಪಾಠ ಮುಗಿದ ಮೇಲೆ ಮಗು ಏನು ಮಾಡಬಲ್ಲದು? ಮಾಡಬಲ್ಲದು ಎಂಬುದು ನಿಮಗೆ ಹೇಗೆ ತಿಳಿಯುತ್ತದೆ? ಈ ಎರಡಕ್ಕೂ ಉತ್ತರ ಬರೆದ ಮೇಲಷ್ಟೇ ಪಾಠವನ್ನು ಯೋಜಿಸಬೇಕಂತೆ. ಗ್ರಾಂಟ್ ವಿಗಿನ್ಸ್, ಜೇ ಮ್ಯಾಕ್‌ಟೈ ಎಂಬ ಇಬ್ಬರು ಅಮೆರಿಕನ್ನರು 1998ರಲ್ಲಿ ಪುಸ್ತಕ ಮಾಡಿದ ವಿಚಾರ ಇದು. ಕೋರ್ಸಿನವರು ಅದನ್ನು 'ಹಿಮ್ಮುಖ ವಿನ್ಯಾಸ' ಎಂದು ಕನ್ನಡಿಸಿದ್ದರು. ನನ್ನ ಕಣ್ಣಿಗೆ ರಿವರ್ಸ್ ಬರುತ್ತಿರುವ ಲಾರಿಯ ಚಿತ್ರ ಬಂತು. ಆದರೆ ವಿಚಾರ ನಮಗೆ ಗೊತ್ತಿಲ್ಲದ್ದೇನಲ್ಲ. ಎಷ್ಟು ಎಲೆ ಬೀಳುತ್ತದೆ ಎಂದು ಕೇಳದೆ ಯಾವ ಹೆಂಗಸು ತಾನೇ ಅಕ್ಕಿ ಅಳೆಯುತ್ತಾಳೆ? ಅಡುಗೆಮನೆಯಲ್ಲಿ ಮೂವತ್ತು ವರ್ಷ ಪಾಲಿಸಿದ ನಿಯಮವನ್ನು ತರಗತಿಯಲ್ಲಿ ಒಂದು ದಿನವೂ ಪಾಲಿಸಿಲ್ಲವಲ್ಲ ಎಂಬುದು ನನ್ನನ್ನು ಚುಚ್ಚಿತು. ನಾನು ಪಾಠ ಮುಗಿಸುತ್ತಿದ್ದೆ. ಮುಗಿದದ್ದು ಪಾಠ ಮಾತ್ರ.

ಪರೀಕ್ಷಿಸಿಯೇ ನೋಡೋಣವೆಂದು ಮರುದಿನ ಏಳನೆಯ ತರಗತಿಯಲ್ಲಿ, "ಉತ್ತರ ದಿಕ್ಕು ತೋರಿಸ್ರಪ್ಪ" ಎಂದೆ. ದಿಕ್ಕುಗಳ ಹೆಸರನ್ನು ನಿದ್ದೆಯಲ್ಲೂ ಹೇಳುವ ಮಕ್ಕಳು. ಹೆಚ್ಚಿನವರ ಕೈ ನೇರ ಮೇಲೆ ಹೋಯಿತು, ಫ್ಯಾನಿನ ಕಡೆಗೆ! "ಮೇಲೈತೆ ಮಿಸ್" ಎಂದ ಒಬ್ಬ, ಇಷ್ಟೂ ಗೊತ್ತಿಲ್ಲವೇ ನಿಮಗೆ ಎಂಬಂತೆ. ನಗು ಬಂತು, ಅದರ ಹಿಂದೆಯೇ ಸಂಕಟವೂ ಬಂತು. ಇಪ್ಪತ್ತೈದು ವರ್ಷ ನಾನು ನಕ್ಷೆಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಕೋಲಿನಿಂದ ಮೇಲ್ತುದಿ ಮುಟ್ಟಿ 'ಇದು ಉತ್ತರ' ಎಂದು ಹೇಳಿಕೊಟ್ಟಿದ್ದೆ. ಮಕ್ಕಳು ನಾನು ತೋರಿಸಿದ್ದನ್ನೇ ಕಲಿತಿದ್ದರು. 2007ರಲ್ಲಿ ರಾಮನಗರ ಎಂದು ಹುಟ್ಟಿದ ನಮ್ಮ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಈಗಂತೂ ಜಿಲ್ಲೆಯ ಹೆಸರಿನಲ್ಲೇ ದಿಕ್ಕು ಬಂದು ಕೂತಿದೆ. ಉತ್ತರ ಸೂರಿನಲ್ಲಿದ್ದರೆ, ಪಾಪ, ನಮ್ಮ ಜಿಲ್ಲೆ ಕಾಲಡಿಯ ನೆಲದೊಳಗಿರಬೇಕು!

ಕೋರ್ಸಿನ ನಿಯೋಜಿತ ಕೆಲಸಕ್ಕೆ ಅದನ್ನೇ ಆರಿಸಿಕೊಂಡೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಅಂಗಳದಲ್ಲಿ ಸೂರ್ಯನಿಗೆ ಎದುರಾಗಿ ನಿಲ್ಲಿಸಿದೆ. ಎದುರು ಪೂರ್ವ, ಎಡಗೈ ಉತ್ತರ, ಬಲಗೈ ದಕ್ಷಿಣ, ಬೆನ್ನು ಪಶ್ಚಿಮ. ನಕ್ಷೆಯನ್ನು ಮೊಳೆಯಿಂದ ಬಿಡಿಸಿ ನೆಲದ ಮೇಲೆ, ಉತ್ತರ ಉತ್ತರಕ್ಕೇ ಬರುವಂತೆ ಹಾಸಿದೆವು. ಒಬ್ಬಳನ್ನು ರಾಮನಗರ ಮಾಡಿ ನಡುವೆ ನಿಲ್ಲಿಸಿದ್ದಾಯಿತು. ಮಾಗಡಿ ಉತ್ತರಕ್ಕೆ ನಡೆದ. ಚನ್ನಪಟ್ಟಣ ನೈಋತ್ಯಕ್ಕೆ, ಕನಕಪುರ ಆಗ್ನೇಯಕ್ಕೆ. ಇನ್ನೊಬ್ಬಳು ನೀಲಿ ದುಪಟ್ಟ ಎಳೆದುಕೊಂಡು ಅರ್ಕಾವತಿಯಾದಳು. ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ, ರಾಮನಗರದ ಕಾಲ ಬಳಿ ಸುಳಿದು, ಕನಕಪುರವನ್ನು ಹಾದು ಸಂಗಮದಲ್ಲಿ ಕಾವೇರಿಯ ಕೈ ಹಿಡಿದಳು. "ಮಿಸ್, ನದಿಗಳೆಲ್ಲ ದಕ್ಷಿಣಕ್ಕೇ ಹೋಗ್ತಾವಾ? ಅಲ್ಲಿ ತಗ್ಗೈತಾ?" ಎಂದು ಒಬ್ಬ ಕೇಳಿದ. ಪಶ್ಚಿಮಕ್ಕೆ ಹರಿಯುವ ಶರಾವತಿಯ ಕಥೆ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ವಾರ ಬಿಟ್ಟು ನಕ್ಷೆಯನ್ನು ತಲೆಕೆಳಗಾಗಿ ಇಟ್ಟು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಸರಿಯಾಗಿ ಕೈ ತೋರಿಸಿದರು. ಉಳಿದವರಿಗೆ ಇನ್ನೂ ಬಂದಿಲ್ಲ ಎಂಬುದು ನನಗೆ ತಿಳಿಯಿತು. ಈ ತಿಳಿವೇ ನನಗೆ ಹೊಸದು.

ಇಷ್ಟನ್ನು ಕೊಟ್ಟ ಕೋರ್ಸಿನ ಮೇಲೆ ನನಗೆ ಕೃತಜ್ಞತೆಯಿದೆ. ಆದ್ದರಿಂದಲೇ ಜಗಳವಾಡುವ ಹಕ್ಕೂ ಇದೆ ಎಂದುಕೊಂಡಿದ್ದೇನೆ.

ಮೂರನೆಯ ವಾರ ರಿಚರ್ಡ್ ಮೇಯರ್ ಎಂಬ ಮನಃಶಾಸ್ತ್ರಜ್ಞರ ತತ್ವಗಳನ್ನು ಹೇಳಿಕೊಟ್ಟರು. ಚಿತ್ರವನ್ನು ತೋರಿಸುತ್ತ ಬಾಯಲ್ಲಿ ವಿವರಿಸುವಾಗ ಅದೇ ಮಾತನ್ನು ಪರದೆಯ ಮೇಲೂ ಬರೆದು ತುಂಬಬಾರದು, ಕಲಿಯುವವರ ಗಮನಕ್ಕೆ ಅದು ಹೊರೆ ಎಂಬುದು ಅವುಗಳಲ್ಲೊಂದು. ಸರಿಯೇ. ಆದರೆ ಆ ಮಾತನ್ನು ಹೇಳಿದ ಹೆಣ್ಣುಮಗಳು, ಚಿತ್ರದ ಪಕ್ಕದಲ್ಲಿ ಪರದೆಯ ತುಂಬ ಬರೆದಿದ್ದುದನ್ನು ಅಕ್ಷರಕ್ಷರ ಬಿಡದೆ ಓದಿದಳು! ನಾಲ್ಕನೆಯ ವಾರ ಬ್ಲೂಮರ ವರ್ಗೀಕರಣ. 1956ರಲ್ಲಿ ಬಂದು 2001ರಲ್ಲಿ ಪರಿಷ್ಕಾರಗೊಂಡ ಏಣಿ ಅದು. ನೆನಪಿಟ್ಟುಕೊಳ್ಳುವುದು ಕೆಳಗಿನ ಮೆಟ್ಟಿಲು; ಅರ್ಥ, ಅನ್ವಯ, ವಿಶ್ಲೇಷಣೆಗಳನ್ನು ದಾಟಿ ಸೃಷ್ಟಿಸುವವರೆಗೆ ಹತ್ತಬೇಕು. ಪರೀಕ್ಷೆಯಲ್ಲಿ ಕೇಳಿದ್ದೇನು? 'ಬ್ಲೂಮರ ವರ್ಗೀಕರಣ ಪರಿಷ್ಕಾರಗೊಂಡ ವರ್ಷ ಯಾವುದು?' ಏಣಿಯನ್ನು ಹೊಗಳುತ್ತ ನಮ್ಮನ್ನು ಮೊದಲ ಮೆಟ್ಟಿಲಿಗೇ ಕಟ್ಟಿಹಾಕಿದ್ದರು. 'ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ' ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನನ್ನ ಅಂಗಳದ ನಕ್ಷೆಯ ಪಾಠವನ್ನು ಫೋಟೋ ಸಮೇತ ಕಳಿಸಿದೆ. ಅಪರಿಚಿತರಾದ ಇಬ್ಬರು ಸಹಪಾಠಿಗಳು ಅದನ್ನು ಓದಿ ಅಭಿಪ್ರಾಯ ಬರೆಯಬೇಕಿತ್ತು. ಒಬ್ಬರು 'ಸೂಪರ್ ಮೇಡಂ' ಎಂದಿದ್ದರು, ಇನ್ನೊಬ್ಬರು 'ಉತ್ತಮ ಪ್ರಯತ್ನ'. ಅರ್ಧ ಮಕ್ಕಳಿಗೆ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಿಯಾರೇ ಎಂದು ಕಾದೆ. ಕೇಳಲಿಲ್ಲ. ನಾನೂ ಅಷ್ಟೆ, ಇನ್ನೊಬ್ಬರು ಬರೆದದ್ದಕ್ಕೆ ರಾತ್ರಿ ಹನ್ನೊಂದಕ್ಕೆ ಆಕಳಿಸುತ್ತ 'ಚೆನ್ನಾಗಿದೆ' ಎಂದು ಒತ್ತಿ ಮಲಗಿದ್ದೆ.

ಕಲಿಕಾ ವಿನ್ಯಾಸ ಎಂಬ ಹೆಸರು ಇಲ್ಲದ ಕಾಲದಲ್ಲಿ ಕನ್ನಡದ ಶಿಕ್ಷಕರೇ ಅದನ್ನು ಮಾಡಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಹುಟ್ಟಿದಾಗ, ಆಂಧ್ರದ ರಿಷಿವ್ಯಾಲಿಯ ಪ್ರಯೋಗವನ್ನು ನೋಡಿಬಂದು, ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ರೂಪಿಸಿದವರಲ್ಲಿ ತರಗತಿಯ ಶಿಕ್ಷಕರೇ ಇದ್ದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು ಎಂಬುದು ಅದರ ಜೀವ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಆರು ವಾರಗಳಲ್ಲಿ ಒಮ್ಮೆಯಾದರೂ ಅದರ ಹೆಸರು ಬರಬಹುದೆಂದು ನೋಡಿದೆ, ಬರಲಿಲ್ಲ. ಉದಾಹರಣೆಗಳೆಲ್ಲ ಎಲ್ಲಿಯವೋ. ನೆರೆಯ ಹೆಗ್ಗಡದೇವನಕೋಟೆ ಕಾಣದವರಿಗೆ ರಾಮನಗರ ಹೇಗೆ ಕಂಡೀತು?

ನನ್ನ ತವರು ಕನಕಪುರದ ಕಡೆಯ ಒಂದು ಹಳ್ಳಿ. ಮನೆತುಂಬ ರೇಷ್ಮೆ ಹುಳುವಿನ ತಟ್ಟೆಗಳು. ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಕಳಚುತ್ತದೆ. ನಮ್ಮ ಕಡೆ ಅದನ್ನು 'ಜ್ವರಕ್ಕೆ ಕೂರುವುದು' ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಸುಮ್ಮನಿರುತ್ತದೆ, ತಿನ್ನುವುದಿಲ್ಲ. ಆಗ ಸೊಪ್ಪು ಹಾಕಬಾರದು, ಅಲುಗಾಡಿಸಬಾರದು. ಒಂದಿಷ್ಟು ಸುಣ್ಣದ ಪುಡಿ ಉದುರಿಸಿ, ಎಲ್ಲ ಹುಳುಗಳೂ ಏಳುವ ತನಕ ಕಾಯಬೇಕು. ಎದ್ದವಕ್ಕೆ ಮೊದಲೇ ಹಾಕಿದರೆ ತಟ್ಟೆಯಲ್ಲಿ ಸಮ ತಪ್ಪುತ್ತದೆ. ಶಾಲೆಯ ಮುಖ ಕಾಣದ ನನ್ನವ್ವ ರಾತ್ರಿ ದೀಪ ಹಿಡಿದು ತಟ್ಟೆಗಳನ್ನು ನೋಡಿ, "ಇನ್ನೂ ಎದ್ದಿಲ್ಲ, ಬುಡು" ಎನ್ನುತ್ತಿದ್ದಳು. ಉತ್ತರ ದಿಕ್ಕು ಸೂರಿಗೆ ಹೋದ ದಿನದಿಂದ ಹತ್ತು ದಿನ ನಾನೂ ಜ್ವರಕ್ಕೆ ಕೂತಿದ್ದೆ. ಮುಂದಿನ ವಿಡಿಯೋ ಬೇಕಿರಲಿಲ್ಲ. ಹಿಂದಿನ ಇಪ್ಪತ್ತೈದು ವರ್ಷ ಅರಗಬೇಕಿತ್ತು. ಮೊಬೈಲು ಮಾತ್ರ ದಿನ ಬಿಟ್ಟು ದಿನ 'ನೀವು ಹಿಂದುಳಿದಿದ್ದೀರಿ' ಎಂದು ಕೆಂಪಕ್ಷರದಲ್ಲಿ ಸೊಪ್ಪು ಸುರಿಯುತ್ತಿತ್ತು.

ಇಷ್ಟೆಲ್ಲ ಬರೆದ ಮೇಲೆ ಬೆರಳು ನನ್ನ ಕಡೆಗೂ ತಿರುಗಬೇಕು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ನಾನೂ ಆನ್‌ಲೈನ್ ಪಾಠ ಮಾಡಿದವಳೇ. ವಾಟ್ಸಾಪ್ ಗುಂಪಿಗೆ ವಿಡಿಯೋ ಕಳಿಸುವುದು, ನೀಲಿ ಗೀಟು ಎರಡು ಬಿದ್ದರೆ ಪುಸ್ತಕದಲ್ಲಿ 'ತಲುಪಿದೆ' ಎಂದು ಬರೆದುಕೊಳ್ಳುವುದು. ನೂಲು ಬಿಚ್ಚುವ ಮನೆಯ ಒಬ್ಬ ಹುಡುಗಿಯ ಹೆಸರಿನ ಮುಂದೆ ಒಂದು ದಿನವೂ ಗೀಟು ತಪ್ಪಿರಲಿಲ್ಲ. ಶಾಲೆ ತೆರೆದ ಮೇಲೆ ನೋಡಿದರೆ ಆಕೆಗೆ ಏನೊಂದೂ ಬರದು. ಗದರಿಸಿದೆ. "ಫೋನು ಅಪ್ಪಂದು ಮಿಸ್. ಜಾಗ ಸಾಲಲ್ಲ ಅಂತ ನಿಮ್ ವಿಡಿಯೋ ತೆಗೆದು ನೋಡ್ಬುಟ್ಟು ಅಳಿಸೋರು" ಎಂದಳು, ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿಕೊಂಡು. ಅದೇ ಗುಂಪಿನಲ್ಲಿದ್ದ ಇನ್ನೊಬ್ಬ ಹುಡುಗಿ ಶಾಲೆಗೆ ಮರಳಲೇ ಇಲ್ಲ. ಮನೆಯವರು ಊರು ಬಿಟ್ಟರಂತೆ. ಆಕೆಯ ಹೆಸರಿನ ಮುಂದೆಯೂ ನನ್ನ ಕೈಬರಹದಲ್ಲಿ 'ತಲುಪಿದೆ' ಎಂದೇ ಇದೆ.

ಇಂಥ ಕೋರ್ಸುಗಳ ಬಗ್ಗೆ ನನ್ನ ಮುಖ್ಯ ತಕರಾರು ಇದು. ಏನು ಕಲಿಸಬೇಕು ಎಂಬುದು ಅವಕ್ಕೆ ಚೆನ್ನಾಗಿ ಗೊತ್ತು. ಕಲಿಯುವವಳು ಎಲ್ಲಿ ಕೂತಿದ್ದಾಳೆ ಎಂಬುದು ಗೊತ್ತಿಲ್ಲ. 'ಕಲಿಯುವವರನ್ನು ಅರಿಯಿರಿ' ಎಂದು ಮೊದಲ ಪಾಠದಲ್ಲೇ ಹೇಳಿದವರು, ನಾನು ಉಪ್ಪಿನ ಜಾಡಿಯ ಮುಂದೆ ಕೂತಿದ್ದೇನೆಂದು ಊಹಿಸಿರಲಿಲ್ಲ. ಅವರ ಲೆಕ್ಕದಲ್ಲಿ ನನಗೊಂದು ಕೋಣೆ, ಒಂದು ಕುರ್ಚಿ, ಬಾಗಿಲು ಹಾಕಿಕೊಳ್ಳುವ ಅಧಿಕಾರ ಇತ್ತು. ನಾನೂ ಆ ಹುಡುಗಿಗೆ ಒಂದು ಫೋನು ಇದೆಯೆಂದೇ ಲೆಕ್ಕ ಹಾಕಿದ್ದೆ. ಇಬ್ಬರ ಲೆಕ್ಕವೂ ಕಾಗದದ ಮೇಲೆ ಸರಿಯಾಗಿತ್ತು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಇದು ಬೆಂಗಳೂರಿನ ಯಾವುದೋ ಸಭಾಂಗಣದಲ್ಲಿ ಆರು ವಾರ ನಡೆದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ಅತ್ತೆಯ ಮಾತ್ರೆ, ಮನೆಯವರ ಊಟ, ರಜೆಯ ಅರ್ಜಿ, ಯಾವುದಾದರೊಂದು ಅಡ್ಡ ಬರುತ್ತಿತ್ತು. ಮನೆಯೊಳಗೇ ಇದ್ದು ಕಲಿತೆ. ಅರ್ಥವಾಗದ್ದನ್ನು ಐದು ಸಲ ಹಿಂದಕ್ಕೆ ಎಳೆದು ಕೇಳಿದೆ, ಆರನೆಯ ಸಲ ಯಾರೂ ಮುಖ ಸಿಂಡರಿಸಲಿಲ್ಲ. ಅಂಥ ತಾಳ್ಮೆ ನನಗೆ ತರಗತಿಯಲ್ಲಿ ಇರಲಿಲ್ಲ.

ಪ್ರಮಾಣಪತ್ರವನ್ನು ಐಜೂರಿನ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಪ್ರಿಂಟು ಹಾಕಿಸಿ ತಂದೆ. ಮನೆಯವರು ಅದನ್ನು ತಿರುಗಿಸಿ ನೋಡಿ, "ಇದರಿಂದ ಇನ್‌ಕ್ರಿಮೆಂಟ್ ಬರತ್ತಾ?" ಎಂದರು. ಬರುವುದಿಲ್ಲ ಎಂದು ಬೀರುವಿನಲ್ಲಿ ಇಟ್ಟೆ. ಶಾಲೆಯಲ್ಲಿ ನಕ್ಷೆ ಮಾತ್ರ ಮತ್ತೆ ಮೊಳೆಗೆ ಹೋಗಿಲ್ಲ. ನೆಲದ ಮೇಲೆ ಬಿಚ್ಚಿ ಬಿಚ್ಚಿ ಅಂಚು ಹರಿದಿದೆ. ಮಗಳು ಇನ್ನೊಂದು ಕೋರ್ಸು ಹುಡುಕಿದ್ದಾಳೆ. ಸೇರುತ್ತೇನೆ ಎಂದಿದ್ದೇನೆ. ಆದರೆ ಈ ಸಲ ನಡುಮನೆಯ ಕುರ್ಚಿಯ ಮೇಲೆ ಕೂತು ನೋಡುವವಳು. ಆ ಒಂದು ಗಂಟೆ ಹುರುಳಿಕಾಯಿ ಹೆಚ್ಚುವ ಕೆಲಸ ಯಾರದೆಂದು ಮನೆಯವರಿಗೆ ಈಗಾಗಲೇ ತಿಳಿಸಿದ್ದೇನೆ.