ಶ್ರಾವಕನ ಕಿವಿ: ಹೆಡ್‌ಫೋನ್ ಹವ್ಯಾಸದ ಸುಖ ಮತ್ತು ಬೆಲೆ

ಸಂಗೀತವನ್ನು ಆಲಿಸುವುದು ಒಂದು ಹವ್ಯಾಸ. ಸಂಗೀತವನ್ನು ಕೇಳಿಸುವ ಸಾಧನಗಳನ್ನು ಕೂಡಿಹಾಕುವುದು ಮತ್ತೊಂದು ಹವ್ಯಾಸ. ಹೊರನೋಟಕ್ಕೆ ಇವೆರಡೂ ಒಂದೇ ಎಂಬಂತೆ ತೋರುತ್ತವೆ. ಮೊದಲನೆಯದರಿಂದ ಎರಡನೆಯದಕ್ಕೆ ಇಳಿಯುವ ದಾರಿಯಾದರೋ ಎಷ್ಟು ನಯವಾಗಿದೆಯೆಂದರೆ, ಜಾರಿದವನಿಗೆ ತಾನು ಜಾರಿದುದು ತಿಳಿಯುವುದೇ ಇಲ್ಲ. ಈಚೆಗೆ ನಮ್ಮ ಮನೆಗಳ ತರುಣರಲ್ಲಿ ಬೇರೂರುತ್ತಿರುವ ಹೆಡ್‌ಫೋನ್ ಹವ್ಯಾಸವು ಈ ಜಾರುದಾರಿಗೆ ಒಳ್ಳೆಯ ನಿದರ್ಶನ. ಅದನ್ನು ಸಾರಾಸಗಟಾಗಿ ಹಳಿಯುವುದು ಸುಲಭ. ಹೊಗಳುವುದು ಇನ್ನೂ ಸುಲಭ. ಅದರ ಗುಣವನ್ನೂ ದೋಷವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಈ ಲೇಖನದ ಉದ್ದೇಶ.

ಹುಕ್ಕೇರಿ ತಾಲೂಕಿನ ಹತ್ತರಗಿಯಂಥ ಊರನ್ನು ತೆಗೆದುಕೊಳ್ಳೋಣ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಇಲ್ಲಿಂದ ಹಾದುಹೋಗುತ್ತದೆ. ಹಗಲಿರುಳೂ ಲಾರಿಗಳ ಸದ್ದು ನಿಲ್ಲುವುದಿಲ್ಲ. ಕೂಡುಕುಟುಂಬದ ಮನೆಯಲ್ಲಿ ಹಿರಿಯರ ಪಾರಾಯಣ, ಮಕ್ಕಳ ಓದು, ದೂರದರ್ಶನದ ಗದ್ದಲ ಎಲ್ಲವೂ ಒಂದೇ ಸೂರಿನ ಕೆಳಗೆ ನಡೆಯಬೇಕು. ಅಂಥಲ್ಲಿ ಒಬ್ಬನು ಹೆಡ್‌ಫೋನ್ ಧರಿಸಿ ಮೂಲೆಯಲ್ಲಿ ಕುಳಿತರೆ ಅವನಿಗೊಂದು ಏಕಾಂತ ಒದಗುತ್ತದೆ; ಅವನಿಂದ ಇನ್ನೊಬ್ಬರ ಓದಿಗಾಗಲಿ ನಿದ್ದೆಗಾಗಲಿ ಭಂಗ ಬರುವುದಿಲ್ಲ. ಹಬ್ಬ-ಜಾತ್ರೆಗಳಲ್ಲಿ ಧ್ವನಿವರ್ಧಕವನ್ನು ಊರಿಗೆಲ್ಲ ಕೇಳುವಂತೆ ಹಚ್ಚುವ ನಮ್ಮ ರೂಢಿಯ ಜೊತೆ ಹೋಲಿಸಿದರೆ ಇದು ಸಣ್ಣ ಸದ್ಗುಣವೇನೂ ಅಲ್ಲ. ಪರರ ಕಿವಿಗೆ ಉಪದ್ರವ ಕೊಡದಿರುವುದೂ ಅಹಿಂಸೆಯ ಒಂದು ಅಂಗವೇ.

ಎರಡನೆಯ ಸುಖ ಇದಕ್ಕಿಂತ ಸೂಕ್ಷ್ಮವಾದುದು. ಗಡಿಯಾಚೆಯ ಮಿರಜವು ಸೋರೆಬುರುಡೆಯಿಂದ ಸಿತಾರ, ತಂಬೂರಿಗಳನ್ನು ಮಾಡುವುದರಲ್ಲಿ ದೇಶಕ್ಕೆಲ್ಲ ಹೆಸರಾದ ಊರು. ಅಲ್ಲಿಯ ಈ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ತಂಬೂರಿಯ ಕುದುರೆಗೂ ತಂತಿಗೂ ನಡುವೆ ಒಂದು ನೂಲಿನ ಎಳೆಯನ್ನು ಸಿಕ್ಕಿಸುತ್ತಾರೆ. ಆ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೂ ನಾದದ ಬಣ್ಣ ಬದಲಾಗುತ್ತದೆ. ಮೂಲಸ್ವರದ ಬೆನ್ನಿಗೇ ಅದರ ಮೇಲಿನ ಸ್ವರಗಳು ಒಂದೊಂದಾಗಿ ಮೊಳಗುತ್ತವೆ. ಮೊಬೈಲಿನ ಪುಟ್ಟ ಧ್ವನಿಪೆಟ್ಟಿಗೆಯಲ್ಲಿ ಇದೆಲ್ಲವೂ ಒಂದು ಮಸುಕಾದ ಗುಂಯ್‌ಗುಡುವಿಕೆಯಾಗಿ ಉಳಿಯುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಾದರೆ ಆ ಸ್ವರಗಳ ಏಳುಬೀಳು ಸ್ಪಷ್ಟವಾಗುತ್ತದೆ. ಗಾಯಕನು ಯಾವುದನ್ನು ಆಧರಿಸಿ ತನ್ನ ಷಡ್ಜವನ್ನು ನಿಲ್ಲಿಸುತ್ತಿದ್ದಾನೆ ಎಂಬುದು ಕೇಳುಗನಿಗೂ ತಿಳಿಯುತ್ತದೆ. ಇದು ಬರಿಯ ಇಂದ್ರಿಯಸುಖವಲ್ಲ, ತಿಳಿವಿನ ಸುಖವೂ ಹೌದು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯರೋಗಕ್ಕೆ ತುತ್ತಾಗಿ, ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದವರು. 1950ರ ದಶಕದಲ್ಲಿ ಮತ್ತೆ ಹಾಡತೊಡಗಿದಾಗ ದೀರ್ಘವಾದ ಉಸಿರು ಅವರಿಗೆ ಮೊದಲಿನಂತೆ ಸಾಧ್ಯವಿರಲಿಲ್ಲ. ಚಿಕ್ಕ ಚಿಕ್ಕ ತುಣುಕುಗಳಲ್ಲಿ ರಾಗವನ್ನು ಕಟ್ಟಿದ ಅವರ ಗಾಯನದಲ್ಲಿ ಸ್ವರದಷ್ಟೇ ಮಹತ್ವ ನಡುವಣ ಮೌನಕ್ಕೂ ಇದೆ. ಆ ಮೌನವು ಗದ್ದಲದ ಮನೆಯಲ್ಲಿ ಕೇಳಿಸದು. ಕೊರತೆಯನ್ನೇ ಶೈಲಿಯಾಗಿಸಿಕೊಂಡ ಒಬ್ಬ ಕಲಾವಿದನ ಉಸಿರನ್ನು ಹತ್ತಿರದಿಂದ ಆಲಿಸುವ ಭಾಗ್ಯ ಹೆಡ್‌ಫೋನಿನಿಂದ ದೊರೆತರೆ ಅದನ್ನು ನಿರಾಕರಿಸುವುದೇಕೆ?

ಇಷ್ಟು ಸುಖದ ಮಾತಾಯಿತು. ಇನ್ನು ಈ ಹವ್ಯಾಸದವರು ಮಾಡುವ ಪ್ರತಿಪಾದನೆಗಳನ್ನು ಪರೀಕ್ಷಿಸಬೇಕು.

ಹೆಡ್‌ಫೋನ್ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. 1910ರಲ್ಲಿ ಅಮೆರಿಕದ ನೆಥನೀಲ್ ಬಾಲ್ಡ್‌ವಿನ್ ತಯಾರಿಸಿದ ಜೋಡಿಯನ್ನು ಅಲ್ಲಿಯ ನೌಕಾಪಡೆ ಸಂದೇಶಗಳನ್ನು ಆಲಿಸಲು ಕೊಂಡಿತು. ಸ್ಟೀರಿಯೋ ಸಂಗೀತಕ್ಕೆಂದೇ ಜಾನ್ ಕಾಸ್ ತಯಾರಿಸಿದ ಹೆಡ್‌ಫೋನ್ ಬಂದದ್ದು 1958ರಲ್ಲಿ. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಬಂದು ಅದನ್ನು ಬೀದಿಗೆ ತಂದಿತು. ಇಂದು ಕೆಲವು ನೂರು ರೂಪಾಯಿಗಳಿಂದ ಹಿಡಿದು ಲಕ್ಷ ರೂಪಾಯಿಗಳನ್ನು ದಾಟಿದ ಬೆಲೆಯವರೆಗೂ ಇವು ದೊರೆಯುತ್ತವೆ. ಅದಕ್ಕೆ ತಕ್ಕ ಆಂಪ್ಲಿಫೈಯರ್, ಡಿಜಿಟಲ್ ಸಂಕೇತವನ್ನು ಅನಲಾಗ್ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಡ್ಯಾಕ್, ಬೆಳ್ಳಿ ಲೇಪದ ತಂತಿ, ಬದಲಿ ಮೆತ್ತೆಗಳು ಎಂದು ಒಂದರ ಬೆನ್ನಿಗೆ ಇನ್ನೊಂದು ಬೇಕಾಗುತ್ತದೆ.

ಬೆಲೆ ಹೆಚ್ಚಿದಂತೆ ಧ್ವನಿಯೂ ಸತ್ಯಕ್ಕೆ ಹತ್ತಿರವಾಗುತ್ತದೆ ಎಂಬುದು ಮೊದಲನೆಯ ಪ್ರತಿಪಾದನೆ. ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 2017ರಲ್ಲಿ 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂದ್ರದಿಂದ ತಾರದವರೆಗೆ ಧ್ವನಿಯ ಸಮತೋಲಕ್ಕೂ ಮಾರಾಟದ ಬೆಲೆಗೂ ಸಂಬಂಧ ಕಾಣಲಿಲ್ಲ. ದುಬಾರಿ ಸಾಧನವು ಹೆಚ್ಚು ಬಾಳಿಕೆ ಬಂದೀತು, ತಲೆಗೆ ಹಿತವಾಗಿ ಕುಳಿತೀತು. ಆದರೆ ಬೆಲೆಚೀಟಿಯೇ ನಾದಶುದ್ಧಿಯ ಪ್ರಮಾಣಪತ್ರವಲ್ಲ.

ಧ್ವನಿಮುದ್ರಿಕೆಯಲ್ಲಿರುವ ಎಲ್ಲವನ್ನೂ ಹೊರತೆಗೆಯಬೇಕೆಂಬುದು ಎರಡನೆಯ ಪ್ರತಿಪಾದನೆ. ಇಲ್ಲಿ ನಮ್ಮ ಸೀಮೆಯ ಸಂಗೀತದ ಇತಿಹಾಸವನ್ನು ನೆನೆಯಬೇಕು. ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡರು. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಅಂದಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಗಾಯನ. ಅದರಲ್ಲಿ ಎಡ-ಬಲಗಳ ಭೇದವಿಲ್ಲ. ಅತಿ ಮಂದ್ರವೂ ಅತಿ ತಾರವೂ ಅಚ್ಚಾಗಿಯೇ ಇಲ್ಲ. ಮುದ್ರಣದಲ್ಲಿ ಇಲ್ಲದ್ದನ್ನು ಐವತ್ತು ಸಾವಿರ ರೂಪಾಯಿಯ ಸಾಧನವೂ ಹುಟ್ಟಿಸಲಾರದು. ಅದು ತಟ್ಟೆಯ ಚರಪರ ಸದ್ದನ್ನು ಇನ್ನಷ್ಟು ನಿಚ್ಚಳಗೊಳಿಸೀತು, ಅಷ್ಟೆ. ಮೇಲಾಗಿ ಎರಡೂ ಕಿವಿಗೆ ಒಂದೇ ಸಮನಾದ ಧ್ವನಿ ಬಿದ್ದಾಗ ಗಾಯಕನು ಎದುರಿಗೆ ಕುಳಿತಂತೆ ತೋರದೆ ನಮ್ಮ ತಲೆಯೊಳಗೇ ಹಾಡಿದಂತೆ ಭಾಸವಾಗುತ್ತದೆ. ಹಾಗಿದ್ದೂ ಕರೀಂ ಖಾನರ ಆ ಮೂರು ನಿಮಿಷಗಳು ಕೇಳುಗನ ಕಣ್ಣು ತೇವವಾಗಿಸುತ್ತವೆ. ಸಂಗೀತದ ಸತ್ವ ಸಾಧನದ ಸೂಕ್ಷ್ಮತೆಯಲ್ಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹವ್ಯಾಸಿಗಳ ವಿಮರ್ಶೆಯ ಭಾಷೆಯನ್ನೂ ಗಮನಿಸಬೇಕು. ‘ಪರದೆ ಸರಿದಂತಾಯಿತು’, ‘ಮಂದ್ರವು ಮಾಂಸಲವಾಗಿದೆ’, ‘ತಾರವು ಮಿನುಗುತ್ತದೆ’ ಎಂಬಂಥ ವಿಶೇಷಣಗಳು ಅಲ್ಲಿ ಯಥೇಚ್ಛವಾಗಿರುತ್ತವೆ. ಆದರೆ ಹಾಡಿದ್ದು ಯಾವ ರಾಗ, ಹಾಡುಗಾರ ಅದರಲ್ಲಿ ಏನನ್ನು ಸಾಧಿಸಿದ ಎಂಬ ಮಾತು ಅಪರೂಪ. ಗಂಗೂಬಾಯಿಯವರ ಘನವಾದ ಕಂಠ ಅಂಥವರಿಗೆ ಸಾಧನವನ್ನು ಪರೀಕ್ಷಿಸುವ ಒರೆಗಲ್ಲಾಗುತ್ತದೆಯೇ ಹೊರತು ಆಲಿಸಬೇಕಾದ ಗಾಯನವಾಗಿ ಉಳಿಯುವುದಿಲ್ಲ. ಮೂವತ್ತು ಸೆಕೆಂಡು ಕೇಳಿ, ಸಾಧನ ಬದಲಿಸಿ, ಅದೇ ಮೂವತ್ತು ಸೆಕೆಂಡನ್ನು ಮತ್ತೆ ಕೇಳುವವನು ಒಂದು ವಿಲಂಬಿತ ಖಯಾಲನ್ನು ಕೊನೆಮುಟ್ಟಿಸುವುದೆಂದು? ಈ ಹವ್ಯಾಸದ ನಿಜವಾದ ಬೆಲೆ ಇದೇ. ಹಣ ಹೋಗುವುದಂತೂ ಹೋಗುತ್ತದೆ. ಅದಕ್ಕಿಂತ ಮೊದಲು ಆಲಿಸುವ ತಾಳ್ಮೆ ಹೋಗುತ್ತದೆ.

ಮತ್ತೊಂದು ಬೆಲೆಯನ್ನು ಶರೀರವು ತೆರುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. ಆಮೇಲೆ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಬಸ್ಸಿನಲ್ಲಿ, ಹೆದ್ದಾರಿಯ ಪಕ್ಕದಲ್ಲಿ ಹೊರಗಿನ ಸದ್ದನ್ನು ಅಡಗಿಸಲೆಂದು ಧ್ವನಿ ಏರಿಸುವವರು ಈ ಮಿತಿಯನ್ನು ತಿಳಿಯದೆಯೇ ದಾಟುತ್ತಾರೆ. ನಮ್ಮ ಶಾಸ್ತ್ರಗಳಲ್ಲಿ ಜೀವಿಗಳನ್ನು ಇಂದ್ರಿಯಗಳ ಕ್ರಮದಲ್ಲಿ ಹೇಳುವಾಗ ಸ್ಪರ್ಶ, ರಸ, ಘ್ರಾಣ, ಚಕ್ಷುಗಳ ತರುವಾಯ ಐದನೆಯದಾಗಿ ಬರುವುದು ಶ್ರೋತ್ರ. ಕೊನೆಗೆ ದೊರೆತ ಆ ಇಂದ್ರಿಯವನ್ನು ವಿನೋದಕ್ಕಾಗಿ ಮೊದಲು ಕಳೆದುಕೊಳ್ಳುವುದು ವಿವೇಕವಲ್ಲ.

ಮೂರನೆಯ ಬೆಲೆ ಸಹವಾಸದ್ದು. ಈಗಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನು ಆಟಕ್ಕೆ ಅಳವಡಿಸಿದನೆಂದು ಪ್ರಸಿದ್ಧವಾದ ಶ್ರೀಕೃಷ್ಣ ಪಾರಿಜಾತವನ್ನು ಈ ನಾಡು ಇರುಳಿಡೀ ಬಯಲಿನಲ್ಲಿ ಕುಳಿತು ಕೇಳಿತು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮನ ಹಾಡಿಗೆ ಊರಿಗೆ ಊರೇ ತಲೆದೂಗಿತು. ಒಬ್ಬನ ‘ವಾಹ್’ ಮತ್ತೊಬ್ಬನ ಕಿವಿಯನ್ನು ತಿದ್ದುತ್ತಿತ್ತು. ತರುವಾಯ ಗ್ರಾಮಫೋನ್ ಬಂತು; 1950ರಲ್ಲಿ ಧಾರವಾಡ ಆಕಾಶವಾಣಿ ಬಂತು; ಆಮೇಲೆ ಕ್ಯಾಸೆಟ್ಟು. ಪ್ರತಿ ಹೆಜ್ಜೆಗೂ ಸಂಗೀತವು ಕಿವಿಗೆ ಹತ್ತಿರವಾಯಿತು, ಜೊತೆಯಲ್ಲಿ ಕೇಳುವವರು ಕಡಿಮೆಯಾದರು. ಆ ಸಾಲಿನ ಕೊನೆಯಲ್ಲಿ ಹೆಡ್‌ಫೋನ್ ಇದೆ. ಮಗನು ಏನನ್ನು ಕೇಳಿ ನಗುತ್ತಿದ್ದಾನೆ, ಏನನ್ನು ಕೇಳಿ ಕಣ್ಣು ಮುಚ್ಚಿದ್ದಾನೆ ಎಂಬುದು ಪಕ್ಕದಲ್ಲೇ ಕುಳಿತ ತಾಯಿಗೆ ತಿಳಿಯದು. ಅವಳು ಕರೆದರೆ ಅವನಿಗೆ ಕೇಳದು. ಪರರಿಗೆ ಉಪದ್ರವ ಕೊಡದ ಸಾಧನವೇ ಪರರನ್ನು ಹೊರಗಿಡುವ ಸಾಧನವೂ ಆಗುವುದು ಹೀಗೆ.

ಹಾಗಾದರೆ ಅಳತೆಗೋಲು ಯಾವುದು? ತತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಿಂದ ಅಳೆಯುವುದಿಲ್ಲ, ಮೂರ್ಛೆಯಿಂದ ಅಳೆಯುತ್ತದೆ. ಒಂದು ಹೆಡ್‌ಫೋನ್ ಇದ್ದವನೆಲ್ಲ ಪರಿಗ್ರಹಿಯಲ್ಲ. ಇದ್ದುದನ್ನು ಧರಿಸಿಕೊಂಡೇ ಇಲ್ಲದ್ದನ್ನು ಧ್ಯಾನಿಸುವವನು ಪರಿಗ್ರಹಿ. ಶ್ರಾವಕನ ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವು ಈ ಸಂದರ್ಭಕ್ಕೆಂದೇ ಹೇಳಿದಂತಿದೆ. ಅನ್ನದಂತೆ ಒಮ್ಮೆ ಬಳಸಿ ಮುಗಿಯುವುದು ಭೋಗ. ಬಟ್ಟೆ, ಒಡವೆಗಳಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ. ಹೆಡ್‌ಫೋನ್ ಉಪಭೋಗದ ವಸ್ತು. ಮತ್ತೆ ಮತ್ತೆ ಬಳಸುವುದರಲ್ಲಿಯೇ ಅದರ ಸಾರ್ಥಕ್ಯ. ಮತ್ತೆ ಮತ್ತೆ ಕೊಳ್ಳುವವನು ಉಪಭೋಗದ ವಸ್ತುವನ್ನು ಭೋಗದ ವಸ್ತುವಿನಂತೆ ತಿಂದುಹಾಕುತ್ತಾನೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ಮಿತಿಯನ್ನು ಜೀವನಪರ್ಯಂತ ಕೈಕೊಂಡರೆ ಯಮವೆಂದೂ ಕಾಲದ ಅವಧಿಗೆ ಕೈಕೊಂಡರೆ ನಿಯಮವೆಂದೂ ವಿಂಗಡಿಸುತ್ತದೆ. ಗೃಹಸ್ಥನಿಗೆ ನಿಯಮವು ಸುಲಭಸಾಧ್ಯ. ಇದ್ದ ಒಂದು ಜೋಡಿಯಲ್ಲೇ ಒಂದು ವರ್ಷ ಕೇಳುವೆನು, ಹಿಡಿದ ರಾಗವನ್ನು ನಡುವೆ ನಿಲ್ಲಿಸೆನು, ದಿನಕ್ಕೆ ಒಂದು ಗಂಟೆಯನ್ನು ಮೀರೆನು ಎಂಬಿಷ್ಟು ನಿಯಮ ಹಿಡಿದವನಿಗೆ ವರ್ಷದ ಕೊನೆಯಲ್ಲಿ ಹೊಸ ಸಾಧನ ಬೇಕೋ ಬೇಡವೋ ಎಂಬುದು ಯಾರ ಉಪದೇಶವೂ ಇಲ್ಲದೆ ತಿಳಿಯುತ್ತದೆ.

ಮನೆಯ ಹಿರಿಯರಿಗೆ ಒಂದು ಮಾತು. ತರುಣನ ಕಿವಿಯಿಂದ ಅದನ್ನು ಕಿತ್ತುಕೊಳ್ಳುವ ಮೊದಲು ಒಮ್ಮೆ ಕೇಳಿ ಪಡೆದು ತಾವೂ ಧರಿಸಿ ನೋಡಲಿ. ಅವನು ಏನನ್ನು ಕೇಳುತ್ತಿದ್ದಾನೆ ಎಂಬುದನ್ನು ಅರಿಯದೆ ಕೊಡುವ ಬುದ್ಧಿವಾದ ಅವನ ಕಿವಿಗೆ ಇಳಿಯುವುದಿಲ್ಲ. ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಒಂದು ಸೂಚನೆ. ಮುನಿಗಳ ಪ್ರವಚನಗಳು, ಊರ ಹಿರಿಯ ಹೆಣ್ಣುಮಕ್ಕಳ ಸ್ತುತಿಗೀತೆಗಳು ಹಳೆಯ ಕ್ಯಾಸೆಟ್ಟುಗಳಲ್ಲಿ ಅಡಗಿ ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿರಬಹುದು. ಅವುಗಳನ್ನು ಡಿಜಿಟಲ್ ರೂಪಕ್ಕೆ ಇಳಿಸುವಾಗ ಎಲ್ಲಿ ಟೇಪು ಎಳೆದಾಡುತ್ತದೆ, ಎಲ್ಲಿ ಮಾತು ಮಸುಕಾಗಿದೆ ಎಂದು ಗುರುತಿಸಲು ಒಳ್ಳೆಯ ಹೆಡ್‌ಫೋನೂ ಅದಕ್ಕಿಂತ ಮಿಗಿಲಾಗಿ ಪಳಗಿದ ಕಿವಿಯೂ ಬೇಕು. ಈ ಹವ್ಯಾಸದ ತರುಣರು ಬೆಳೆಸಿಕೊಂಡ ಸೂಕ್ಷ್ಮತೆಗೆ ಇದಕ್ಕಿಂತ ತಕ್ಕ ಕೆಲಸವಿಲ್ಲ. ಅವನು ಒಬ್ಬನೇ ಕೇಳಿದ್ದು ಆಗ ಹಲವರ ಪಾಲಿನದಾಗುತ್ತದೆ.

ಗೃಹಸ್ಥನಿಗೆ ನಮ್ಮ ಪರಂಪರೆ ಕೊಟ್ಟ ಹೆಸರು ಶ್ರಾವಕ. ಆ ಶಬ್ದದ ಅರ್ಥವೇ ಆಲಿಸುವವನು. ಆಲಿಸುವುದಕ್ಕೆ ಸಾಧನದ ನೆರವನ್ನು ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಹಾಡು ಮುಗಿದು ಹೆಡ್‌ಫೋನನ್ನು ಕೆಳಗಿಟ್ಟ ಮೇಲೆ ಮನಸ್ಸಿನಲ್ಲಿ ಉಳಿದದ್ದು ರಾಗವೋ ಸಾಧನವೋ ಎಂದು ಪ್ರತಿಯೊಬ್ಬನೂ ತನ್ನನ್ನು ತಾನೇ ಕೇಳಿಕೊಳ್ಳಬೇಕು. ರಾಗ ಉಳಿದಿದ್ದರೆ ಕೊಟ್ಟ ಹಣ ಸಂದಿದೆ. ಸಾಧನ ಉಳಿದಿದ್ದರೆ ಎಷ್ಟೇ ಅಗ್ಗಕ್ಕೆ ಕೊಂಡಿದ್ದರೂ ಅದು ದುಬಾರಿಯೇ ಸರಿ.