ಆಟಿಸಂ ಸಂಶೋಧನೆಯಲ್ಲಿ ಕುಟುಂಬಗಳ ಪಾಲು: ಕೆಲವು ಪ್ರಬಂಧಗಳ ವಿಮರ್ಶೆ

ಕಥೆ, ಕಾದಂಬರಿಗಳಿಗೆ ವಿಮರ್ಶೆ ಬರೆಯುವ ರೂಢಿ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ವಿಜ್ಞಾನದ ಪ್ರಬಂಧವೊಂದನ್ನು ಎದುರಿಗಿಟ್ಟುಕೊಂಡು, ಇದು ಏನನ್ನು ಹೇಳುತ್ತದೆ, ಹೇಳಿದ್ದಕ್ಕೆ ಆಧಾರವೆಷ್ಟು, ಏನನ್ನು ಹೇಳದೆ ಬಿಟ್ಟಿದೆ ಎಂದು ಪರಿಶೀಲಿಸುವ ಅಭ್ಯಾಸ ಮಾತ್ರ ನಮ್ಮ ತರಗತಿಗಳಲ್ಲಿ ಕಡಿಮೆ. ಆಟಿಸಂ ಕುರಿತ ಸಂಶೋಧನೆ ಇಂತಹ ವಿಮರ್ಶೆಗೆ ಒಳ್ಳೆಯ ವಸ್ತು. ಏಕೆಂದರೆ ಇಲ್ಲಿ ಪ್ರಯೋಗಶಾಲೆ ಎಂದರೆ ಹಲವು ಸಲ ಒಂದು ಮನೆ. ಮಾಪಕವೆಂದರೆ ತಾಯಿ ತುಂಬಿ ಕೊಡುವ ಪ್ರಶ್ನಾವಳಿ. ಆ ಮನೆಯವರು ಸಂಶೋಧಕರಿಗೆ ಬಾಗಿಲು ತೆರೆಯಬೇಕೇ? ತೆರೆದರೆ ಅವರಿಗೆ ಸಿಗುವುದೇನು? 'ವಿಜ್ಞಾನದ ಪ್ರಗತಿಗಾಗಿ' ಎಂಬ ಸಿದ್ಧ ಉತ್ತರ ನನಗೆ ಸಾಕೆನಿಸುವುದಿಲ್ಲ. ಪ್ರಬಂಧಗಳನ್ನೇ ಓದಿ ನೋಡೋಣ.

ಆಟಿಸಂ ಅಥವಾ ಸ್ವಲೀನತೆ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ಸ್ಥಿತಿ. ಇತರರೊಡನೆ ಒಡನಾಡುವ, ಸಂವಹನ ನಡೆಸುವ ಬಗೆಯಲ್ಲಿ ಭಿನ್ನತೆ, ಒಂದೇ ಬಗೆಯ ಚಟುವಟಿಕೆಯ ಪುನರಾವರ್ತನೆ, ಸದ್ದು, ಸ್ಪರ್ಶ, ಬೆಳಕುಗಳಿಗೆ ಹೆಚ್ಚಿನ ಅಥವಾ ಕಡಿಮೆ ಸಂವೇದನೆ ಇದರ ಲಕ್ಷಣಗಳು. 1943ರಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ಮುಂದಿನ ಎರಡು ಮೂರು ದಶಕಗಳಲ್ಲಿ, ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ವಾದ ಬಲವಾಗಿ ಹರಡಿತು. ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಪುಸ್ತಕ ಅದಕ್ಕೆ ಜನಪ್ರಿಯತೆಯನ್ನೂ ತಂದಿತು. ಈ ವಾದಕ್ಕೆ ಅಳತೆಯ ಆಧಾರ ಯಾವುದೂ ಇರಲಿಲ್ಲ. ಆದರೆ ಸಾವಿರಾರು ತಾಯಂದಿರು ಅದರ ಭಾರ ಹೊತ್ತರು.

ಈ ಭಾರವನ್ನು ಇಳಿಸಿದ ಕೃತಿಗಳಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಅವರ 1977ರ ಪ್ರಬಂಧ ಮುಖ್ಯವಾದುದು. ಬ್ರಿಟನ್ನಿನಲ್ಲಿ ಕನಿಷ್ಠ ಒಬ್ಬರಿಗಾದರೂ ಆಟಿಸಂ ಇದ್ದ 21 ಅವಳಿ ಜೋಡಿಗಳನ್ನು ಅವರು ಹುಡುಕಿದರು. ಏಕರೂಪ ಅವಳಿಗಳು 11 ಜೋಡಿ. ಒಡಹುಟ್ಟಿದವರಷ್ಟೇ ಹೋಲಿಕೆಯುಳ್ಳ ಭಿನ್ನರೂಪ ಅವಳಿಗಳು 10 ಜೋಡಿ. ಏಕರೂಪ ಅವಳಿಗಳಲ್ಲಿ 4 ಜೋಡಿಗಳ ಇಬ್ಬರಿಗೂ ಆಟಿಸಂ ಇತ್ತು. ಭಿನ್ನರೂಪ ಅವಳಿಗಳಲ್ಲಿ ಒಂದು ಜೋಡಿಯಲ್ಲೂ ಹಾಗಿರಲಿಲ್ಲ.

ಇಷ್ಟು ಸಣ್ಣ ಸಂಖ್ಯೆಯಿಂದ ಏನನ್ನಾದರೂ ಹೇಳಬಹುದೇ? ಪಿಯುಸಿ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. 21 ಜೋಡಿಗಳಲ್ಲಿ 4ನ್ನು ಆರಿಸುವ ವಿಧಾನಗಳು 5,985. ನಾಲ್ಕೂ ಏಕರೂಪ ಅವಳಿಗಳಿಂದಲೇ ಬರುವ ವಿಧಾನಗಳು 330. ಅಂದರೆ ಬರಿಯ ಆಕಸ್ಮಿಕದಿಂದ ಹೀಗಾಗುವ ಸಂಭವ ಸುಮಾರು ಶೇ. 5.5. ಇದು ಗಡಿಯಂಚಿನ ಫಲಿತಾಂಶ. ಆದರೆ ಲೇಖಕರು ಅಲ್ಲಿಗೇ ನಿಲ್ಲಲಿಲ್ಲ. ಆಟಿಸಂ ಮಾತ್ರವಲ್ಲದೆ ಭಾಷೆ, ಗ್ರಹಿಕೆಗಳ ವಿಶಾಲವಾದ ತೊಂದರೆಯನ್ನೂ ಗಣನೆಗೆ ತೆಗೆದುಕೊಂಡಾಗ 11 ಏಕರೂಪ ಜೋಡಿಗಳಲ್ಲಿ 9, 10 ಭಿನ್ನರೂಪ ಜೋಡಿಗಳಲ್ಲಿ 1 ಹೊಂದಿಕೆಯಾದವು. ಅದೇ ಲೆಕ್ಕವನ್ನು ಇದಕ್ಕೆ ಹಾಕಿದರೆ ಆಕಸ್ಮಿಕದ ಸಂಭವ ಸಾವಿರಕ್ಕೆ ಎರಡಕ್ಕಿಂತ ಕಡಿಮೆ! ಮುಂದಿನ ಅವಳಿ ಅಧ್ಯಯನಗಳಲ್ಲಿ ಪ್ರಮಾಣಗಳು ಬದಲಾದವು. ಆನುವಂಶಿಕತೆಯ ಪಾತ್ರ ದೊಡ್ಡದೆಂಬ ನಿರ್ಣಯ ಬದಲಾಗಲಿಲ್ಲ. ಇಪ್ಪತ್ತೊಂದು ಕುಟುಂಬಗಳು 'ಬನ್ನಿ, ನೋಡಿ' ಎಂದು ಒಪ್ಪಿದ್ದರಿಂದ ಜಗತ್ತಿನ ತಾಯಂದಿರ ಮೇಲಿನ ಆರೋಪ ಸಡಿಲವಾಯಿತು. ಪಾಲ್ಗೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ತಿಳಿಯದು.

ಈಗ ಸೆಕ್ರೆಟಿನ್ ಪ್ರಸಂಗಕ್ಕೆ ಬರೋಣ. ಸೆಕ್ರೆಟಿನ್ ಸಣ್ಣ ಕರುಳಿನಲ್ಲಿ ಉತ್ಪತ್ತಿಯಾಗುವ ಹಾರ್ಮೋನು. 1902ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಇದನ್ನು ಕಂಡುಹಿಡಿದರು. ಹಾರ್ಮೋನುಗಳ ಚರಿತ್ರೆ ಶುರುವಾಗುವುದೇ ಇದರಿಂದ. ಮೇದೋಜೀರಕ ಗ್ರಂಥಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ವೈದ್ಯರು ಇದನ್ನು ಚುಚ್ಚುಮದ್ದಾಗಿ ಬಳಸುತ್ತಿದ್ದರು. ಅಮೆರಿಕದಲ್ಲಿ ಇಂತಹ ಪರೀಕ್ಷೆಗೆ ಒಳಗಾದ ಆಟಿಸಂ ಇದ್ದ ಮೂವರು ಮಕ್ಕಳು ಅನಂತರ ಕಣ್ಣು ಸೇರಿಸಿ ನೋಡಿದರು, ಹೆಚ್ಚು ಮಾತನಾಡಿದರು ಎಂಬ ವರದಿ 1998ರಲ್ಲಿ ಪ್ರಕಟವಾಯಿತು. ದೂರದರ್ಶನ ವಾಹಿನಿಯೊಂದು ಅದನ್ನು ಪ್ರಸಾರ ಮಾಡಿತು. ಔಷಧಕ್ಕಾಗಿ ನೂಕುನುಗ್ಗಲಾಯಿತು. ಮೂರು ಮಕ್ಕಳು, ಹೋಲಿಕೆಯ ಗುಂಪು ಇಲ್ಲ. ಆದರೂ ಮಗುವಿನ ಒಂದು ಹೊಸ ಪದಕ್ಕಾಗಿ ವರ್ಷಗಟ್ಟಲೆ ಕಾದ ತಂದೆತಾಯಿ ಓಡಿಹೋದರೆ ಅವರನ್ನು ಯಾರೂ ಹಳಿಯಬೇಕಾಗಿಲ್ಲ.

1999ರ ಡಿಸೆಂಬರ್‌ನಲ್ಲಿ ಸ್ಯಾಂಡ್ಲರ್ ಮತ್ತು ಸಂಗಡಿಗರ ಪ್ರಬಂಧ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. 60 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದಕ್ಕೆ ಸಂಶ್ಲೇಷಿತ ಸೆಕ್ರೆಟಿನ್‌ನ ಒಂದು ಚುಚ್ಚುಮದ್ದು, ಇನ್ನೊಂದಕ್ಕೆ ಉಪ್ಪುನೀರು. ಯಾವ ಮಗುವಿಗೆ ಯಾವುದು ಎಂಬುದು ಪೋಷಕರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ನಾಲ್ಕು ವಾರಗಳ ಕೊನೆಗೆ 56 ಮಕ್ಕಳ ಲೆಕ್ಕ ಸಿಕ್ಕಿತು. ತೊಂದರೆಯ ತೀವ್ರತೆಯನ್ನು 0ಯಿಂದ 158ರವರೆಗೆ ಅಳೆಯುವ ಪಟ್ಟಿಯಲ್ಲಿ ಸೆಕ್ರೆಟಿನ್ ಗುಂಪಿನ ಸರಾಸರಿ ಅಂಕ 8.9ರಷ್ಟು ಇಳಿದಿತ್ತು. ಔಷಧ ಕೆಲಸ ಮಾಡಿತಲ್ಲವೇ? ತಡೆಯಿರಿ. ಉಪ್ಪುನೀರಿನ ಗುಂಪಿನಲ್ಲಿ ಇಳಿಕೆ 17.8!

ಗೈಗರ್ ಕೌಂಟರ್ ಬಳಸಿದ ವಿದ್ಯಾರ್ಥಿಗೆ ಇದು ಪರಿಚಿತ ಸಂಗತಿ. ವಿಕಿರಣಶೀಲ ಆಕರವನ್ನು ಇಡುವ ಮೊದಲೇ ಉಪಕರಣ ಟಿಕ್ ಟಿಕ್ ಎನ್ನುತ್ತಿರುತ್ತದೆ. ಆ ಹಿನ್ನೆಲೆ ಎಣಿಕೆಯನ್ನು ಕಳೆಯದೆ ಆಕರದ ಬಗ್ಗೆ ಏನನ್ನೂ ಹೇಳುವಂತಿಲ್ಲ. ಆಟಿಸಂನಲ್ಲಿ ಈ ಹಿನ್ನೆಲೆ ಬಹಳ ದೊಡ್ಡದು. ಮಗು ತಾನಾಗಿಯೇ ಬೆಳೆಯುತ್ತಿರುತ್ತದೆ. ತೀರ ಕಷ್ಟದ ವಾರಗಳಲ್ಲೇ ಪೋಷಕರು ವೈದ್ಯರನ್ನು ಅರಸುತ್ತಾರೆ. ಅಂತಹ ವಾರಗಳ ಬಳಿಕ ಸಾಧಾರಣ ವಾರಗಳು ಬರುವುದು ಸಹಜ. ಔಷಧ ಕೊಟ್ಟ ಮೇಲೆ ಎಲ್ಲರ ಕಣ್ಣೂ ಸಣ್ಣ ಸುಧಾರಣೆಯನ್ನು ಹುಡುಕುತ್ತದೆ. ಹಾಗೆಂದು ಉಪ್ಪುನೀರು ಸೆಕ್ರೆಟಿನ್‌ಗಿಂತ ಮೇಲು ಎಂದೂ ಹೇಳಕೂಡದು. ಎರಡು ಗುಂಪುಗಳ ನಡುವಣ ವ್ಯತ್ಯಾಸದ ಅಂದಾಜು −19.4ರಿಂದ +1.6ರವರೆಗೆ ಹರಡಿದೆ, ಸೊನ್ನೆ ಅದರೊಳಗೇ ಇದೆ.

ಪ್ರಬಂಧಕ್ಕೆ ಮಿತಿಗಳಿಲ್ಲವೆಂದಲ್ಲ. ಒಂದೇ ಸಲದ ಮದ್ದು, ನಾಲ್ಕೇ ವಾರ, 3ರಿಂದ 14ರವರೆಗಿನ ವಯಸ್ಸಿನ ಮಿಶ್ರಣ. ಹಲವು ಬಾರಿ ಕೊಟ್ಟರೆ ಹೇಗೆ ಎಂಬ ಪ್ರಶ್ನೆ ಉಳಿದೇ ಇತ್ತು. ಮುಂದೆ ಬೇರೆ ತಂಡಗಳು ಅದನ್ನೂ ನೋಡಿದವು. 2012ರ ಕಾಕ್ರೇನ್ ಪರಾಮರ್ಶೆ ಅಂತಹ 16 ಪ್ರಯೋಗಗಳನ್ನು, 900ಕ್ಕೂ ಹೆಚ್ಚು ಮಕ್ಕಳನ್ನು ಒಟ್ಟಿಗೆ ಪರಿಶೀಲಿಸಿ, ಉಪಯೋಗಕ್ಕೆ ಪುರಾವೆಯಿಲ್ಲವೆಂದಿತು. ಆದರೆ ಸ್ಯಾಂಡ್ಲರ್ ಪ್ರಬಂಧದ ಅತಿ ಮುಖ್ಯ ವಾಕ್ಯ ನನ್ನ ಮಟ್ಟಿಗೆ ಬೇರೆಯೇ ಇದೆ. ಫಲಿತಾಂಶ ತಿಳಿಸಿದ ಮೇಲೂ ಶೇ. 69 ಪೋಷಕರು ತಮ್ಮ ಮಗುವಿಗೆ ಸೆಕ್ರೆಟಿನ್ ಬಗ್ಗೆ ಆಸಕ್ತಿ ಉಳಿದಿದೆ ಎಂದರು. ಇದನ್ನು ಮೌಢ್ಯವೆಂದು ನಗುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಒಂದು ಬಾಗಿಲು ಮುಚ್ಚಿದೆ ಎಂದು ಹೇಳಿದ ಸಂಶೋಧಕರ ಬಳಿ ತೋರಿಸಲು ಇನ್ನೊಂದು ಬಾಗಿಲು ಇರಲಿಲ್ಲ, ಅಷ್ಟೇ. ಆದರೂ ಅರವತ್ತು ಕುಟುಂಬಗಳು, ತಮ್ಮ ಮಗುವಿಗೆ ಉಪ್ಪುನೀರು ಬರಬಹುದೆಂದು ಗೊತ್ತಿದ್ದೂ ಒಪ್ಪಿದ್ದರಿಂದ ಉಳಿದ ಎಷ್ಟೋ ಮನೆಗಳ ಹಣ, ಮಕ್ಕಳ ನೋವು ಉಳಿಯಿತು.

ಪಾಲ್ಗೊಂಡವರಿಗೆ ದ್ರೋಹವಾದ ಉದಾಹರಣೆಯನ್ನೂ ಮರೆಯುವಂತಿಲ್ಲ. 1998ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರು 12 ಮಕ್ಕಳ ಬಗ್ಗೆ ಬರೆದು, ದಡಾರ, ಮಂಗನಬಾವು, ರುಬೆಲ್ಲಾಗಳ ಸಂಯುಕ್ತ ಲಸಿಕೆಯತ್ತ ಬೆರಳು ತೋರಿಸಿದರು. ಮಕ್ಕಳ ಆಯ್ಕೆ ಪ್ರಬಂಧದಲ್ಲಿ ಹೇಳಿದಂತೆ ನಡೆದಿರಲಿಲ್ಲ. ಮಕ್ಕಳಿಗೆ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ನೋವಿನ ಪರೀಕ್ಷೆಗಳನ್ನು ಮಾಡಲಾಗಿತ್ತು. 2010ರಲ್ಲಿ ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಮಂಡಳಿ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆಯಿತು. ಆ ಹೊತ್ತಿಗೆ ಹಾನಿ ನಡೆದುಹೋಗಿತ್ತು. 2019ರಲ್ಲಿ ಡೆನ್ಮಾರ್ಕಿನವರು 6,57,461 ಮಕ್ಕಳ ದಾಖಲೆಗಳನ್ನು ನೋಡಿ, ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿಲ್ಲವೆಂದು ತೋರಿಸಿದರು. ಹನ್ನೆರಡು ಮಕ್ಕಳ ತಪ್ಪು ಕಥೆಯನ್ನು ಅಳಿಸಲು ಆರೂವರೆ ಲಕ್ಷ ಮಕ್ಕಳು ಬೇಕಾದರು.

ಸಂಶೋಧಕರು ಮಗುವನ್ನಲ್ಲದೆ ಇಡೀ ಕುಟುಂಬವನ್ನೇ ಏಕೆ ಕರೆಯುತ್ತಾರೆ ಎಂದು ಶಿಕ್ಷಕರೊಬ್ಬರು ಕೇಳಿದ್ದುಂಟು. ಪ್ರತಿ ಮಗುವಿನ ಡಿಎನ್‌ಎಯಲ್ಲಿ ತಂದೆತಾಯಿಯಲ್ಲಿ ಇಲ್ಲದ ಹಲವು ಹತ್ತು ಹೊಸ ಬದಲಾವಣೆಗಳಿರುತ್ತವೆ. ಯಾವುದು ಹೊಸದು ಎಂದು ತಿಳಿಯಲು ತಂದೆತಾಯಿಯರ ಡಿಎನ್‌ಎ ಬೇಕೇ ಬೇಕು. ಇಲ್ಲಿಯೂ ಹಿನ್ನೆಲೆಯನ್ನು ಕಳೆಯುವುದೇ ಕೆಲಸ. ಆಟಿಸಂ ಇಲ್ಲದ ಅಣ್ಣನೋ ತಂಗಿಯೋ ಹೋಲಿಕೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಉತ್ತರ ಅಮೆರಿಕದ 2,500ಕ್ಕೂ ಹೆಚ್ಚು ಕುಟುಂಬಗಳು ಸೇರಿದ ಸೈಮನ್ಸ್ ಸಂಗ್ರಹದಿಂದ ಹೀಗೆಯೇ ಅನೇಕ ಜೀನುಗಳ ಪತ್ತೆಯಾಯಿತು.

ಆದರೆ ಜೀನುಗಳ ಪಟ್ಟಿ ಬೆಳೆದರೆ ಮನೆಯಲ್ಲಿರುವ ಮಗುವಿಗೇನು? ಈ ಪ್ರಶ್ನೆಯನ್ನು ಆಟಿಸಂ ಇರುವ ವಯಸ್ಕರೇ ಎತ್ತಿದ್ದಾರೆ. ಬ್ರಿಟನ್ನಿನಲ್ಲಿ 10,000 ಜನರ ಡಿಎನ್‌ಎ ಸಂಗ್ರಹಿಸುವ 'ಸ್ಪೆಕ್ಟ್ರಮ್ 10ಕೆ' ಯೋಜನೆ 2021ರ ಆಗಸ್ಟ್‌ನಲ್ಲಿ ಘೋಷಣೆಯಾಗಿ, ಅವರ ವಿರೋಧದಿಂದ ಮರುತಿಂಗಳೇ ಸ್ಥಗಿತವಾಯಿತು. ಮಾಹಿತಿ ಯಾರ ಕೈಗೆ, ಯಾವ ಉದ್ದೇಶಕ್ಕೆ ಹೋಗುತ್ತದೆ ಎಂಬ ಅವರ ಆತಂಕವನ್ನು ವಿಜ್ಞಾನ ವಿರೋಧವೆಂದು ತಳ್ಳಿಹಾಕುವುದು ಸರಿಯಲ್ಲ. ದಿನನಿತ್ಯದ ಬದುಕಿಗೆ ಒದಗುವ ಸಂಶೋಧನೆಗೆ ಎಲ್ಲೆಡೆ ಹಣ ಕಡಿಮೆ ಎಂಬ ಅವರ ದೂರಿನಲ್ಲಿ ಹುರುಳಿದೆ.

ಆ ಬಗೆಯ ಸಂಶೋಧನೆಗೆ ನಮಗೆ ಹತ್ತಿರದ ಮಾದರಿಯೊಂದಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 2ರಿಂದ 9 ವರ್ಷದ 65 ಮಕ್ಕಳ ಕುಟುಂಬಗಳೊಡನೆ ನಡೆದ 'ಪಾಸ್' ಪ್ರಯೋಗದ ವರದಿ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ಮಗುವಿನೊಡನೆ ಪೋಷಕರು ಆಡುವ ಆಟದ ವಿಡಿಯೊವನ್ನು ಅವರಿಗೇ ತೋರಿಸಿ, ಮಗುವಿನ ಸೂಚನೆಗಳಿಗೆ ಓಗೊಡುವುದನ್ನು ಕಲಿಸಿದರು. ಪೋಷಕರು ಮಗುವಿನ ಗಮನಕ್ಕೆ ಹೊಂದಿಕೊಂಡು ಪ್ರತಿಕ್ರಿಯಿಸುವುದು ಹೆಚ್ಚಿತು. ಮಗು ತಾನಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿತು. ಆದರೆ ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನ ಹಂಚಿಕೊಳ್ಳುವ ಸಮಯ ಕಡಿಮೆಯಾಯಿತು! ನಿರೀಕ್ಷೆಗೆ ವಿರುದ್ಧವಾದ ಈ ಅಂಶವನ್ನು ಲೇಖಕರು ಮುಚ್ಚಿಡದೆ ಸಾರಾಂಶದಲ್ಲೇ ಬರೆದಿದ್ದಾರೆ. ಪ್ರಬಂಧದ ಮೇಲೆ ನನಗೆ ವಿಶ್ವಾಸ ಮೂಡಿದ್ದು ಆ ಸಾಲಿನಿಂದ. ಸಂಖ್ಯೆ ಸಣ್ಣದು, ನಿಜ. ಆದರೆ ಮಕ್ಕಳ ತಜ್ಞರು ಸುಲಭವಾಗಿ ಸಿಗದ ತಾಲ್ಲೂಕುಗಳಿಗೆ ಉಪಯುಕ್ತವಾಗಬಲ್ಲ ಪ್ರಶ್ನೆಯನ್ನು ಇದು ಕೇಳಿದೆ. ಇಂತಹ ಪ್ರಶ್ನೆಗೆ ಲಂಡನ್ನಿನ ಕುಟುಂಬಗಳಿಂದ ಉತ್ತರ ಬರುವುದಿಲ್ಲ. ಕನ್ನಡ ಆಡುವ, ಅಜ್ಜಿ ತಾತಂದಿರ ಜೊತೆ ಬೆಳೆಯುವ ಮಗುವಿನ ಮಾತು, ಆಟಗಳ ಮಾಹಿತಿಯನ್ನು ಕನ್ನಡದ ಮನೆಗಳೇ ಕೊಡಬೇಕು.

ಹಾಗೆ ಕೊಡುವಾಗ ಸಂಶೋಧನೆ ಯಾವುದು, ವ್ಯಾಪಾರ ಯಾವುದು ಎಂಬುದು ತಿಳಿದಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳ ಪ್ರಕಾರ ಸಂಶೋಧನೆಗೆ ತಗಲುವ ವೆಚ್ಚವನ್ನು ಪಾಲ್ಗೊಳ್ಳುವವರಿಂದ ವಸೂಲು ಮಾಡುವಂತಿಲ್ಲ. ಆಟಿಸಂಗೆ ಆಕರಕೋಶ ಅಂದರೆ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಹೇಳಿ ಲಕ್ಷಗಟ್ಟಲೆ ಕೇಳುವವರ ಬಗ್ಗೆ ಈ ಒಂದು ನಿಯಮವೇ ಬಹಳಷ್ಟು ಹೇಳುತ್ತದೆ. ಅಂತಹ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಡಿಸೆಂಬರ್‌ನಲ್ಲಿ ತಿಳಿಸಿದೆ. ಅದೇ ಮಾರ್ಗಸೂಚಿಗಳು 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳುತ್ತವೆ. ಯಾವ ಹಂತದಲ್ಲೂ ಹಿಂದೆ ಸರಿಯುವ ಹಕ್ಕು ಪಾಲ್ಗೊಂಡವರಿಗಿದೆ. ಮಾತು ಬಾರದ ಮಗು ಕೈ ಎಳೆದುಕೊಂಡರೆ ಅದೂ ಒಂದು ಉತ್ತರವೇ.

ಒಪ್ಪಿಗೆ ಪತ್ರ ಮನೆಗೆ ಬಂದಾಗ ಪೋಷಕರು ಅದನ್ನು ಹಿಡಿದುಕೊಂಡು ಶಾಲೆಯ ವಿಜ್ಞಾನ ಶಿಕ್ಷಕರ ಬಳಿಗೆ ಬರುವುದುಂಟು. ಹೋಲಿಕೆಯ ಗುಂಪು ಇದೆಯೇ, ನೈತಿಕ ಸಮಿತಿಯ ಅನುಮೋದನೆ ಇದೆಯೇ, ಔಷಧ ಅಥವಾ ಚಿಕಿತ್ಸೆಯ ಪ್ರಯೋಗವಾದರೆ ದೇಶದ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ ಸೇರಿದೆಯೇ, ಹಣ ಕೇಳುತ್ತಾರೆಯೇ, ಮಾಹಿತಿ ಎಲ್ಲಿ ಉಳಿಯುತ್ತದೆ ಎಂಬುದನ್ನು ಕೂಡಿ ಓದಿ ನೋಡಬಹುದು. ಇನ್ನೊಂದು ಸಾಲನ್ನು ತಪ್ಪದೆ ಹುಡುಕಬೇಕು: ಕೊನೆಯಲ್ಲಿ ಫಲಿತಾಂಶವನ್ನು ನಮಗೆ, ನಮ್ಮ ಭಾಷೆಯಲ್ಲಿ, ಯಾವಾಗ ತಿಳಿಸುತ್ತೀರಿ? ಆ ಸಾಲು ಪತ್ರದಲ್ಲಿ ಇಲ್ಲದಿದ್ದರೆ ಸಹಿ ಮಾಡುವ ಮೊದಲು ಸಂಶೋಧಕರಿಂದ ಅದನ್ನು ಬರೆಸಿಕೊಳ್ಳಬಹುದು.