‘ವಿಮೋಚನಕಾಂಡ’ವೆಂಬ ಹೆಸರು

ಕನ್ನಡ ಬೈಬಲ್ಲಿನ ಎರಡನೆಯ ಗ್ರಂಥಕ್ಕೆ ‘ವಿಮೋಚನಕಾಂಡ’ವೆಂದು ಹೆಸರು. ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿದ ಕಥೆಯದು. ಅದಕ್ಕೆ ಹೀಬ್ರೂವಿನಲ್ಲಿ ‘ಹೆಸರುಗಳು’ ಎಂದೂ ಗ್ರೀಕಿನಲ್ಲಿ ‘ನಿರ್ಗಮನ’ವೆಂದೂ ಅರ್ಥವುಳ್ಳ ನಾಮಗಳಿವೆ. ನಮ್ಮ ಭಾಷಾಂತರಕಾರರಾದರೋ ಹೊರಡುವಿಕೆಯನ್ನು ಬಿಟ್ಟು ಅದರ ಫಲವನ್ನೇ ಹೆಸರಿಸಿದರು; ‘ಮೋಕ್ಷ’ಕ್ಕೆ ಮೂಲವಾದ ‘ಮುಚ್’ ಧಾತುವನ್ನೇ ಹಿಡಿದರು.

ಈ ಹೆಸರು ಇಡಿಯ ಗ್ರಂಥಕ್ಕೆ ಒಪ್ಪುವುದೇ ಎಂಬ ಶಂಕೆ ಹುಟ್ಟಬಹುದು. ಬಿಡುಗಡೆಯ ರಾತ್ರಿಯನ್ನು ನೆನೆಯುವ ಪಸ್ಕಹಬ್ಬದ ವಿಧಿಯಿರುವುದು 12ನೆಯ ಅಧ್ಯಾಯದಲ್ಲಿ. ಸಮುದ್ರವನ್ನು ದಾಟುವುದು 14ನೆಯದರಲ್ಲಿ. ಒಟ್ಟು ಅಧ್ಯಾಯಗಳೋ 40. ದಾಸ್ಯವು ಕಳೆದ ಮೇಲೂ ಗ್ರಂಥವೇಕೆ ಮುಗಿಯಲಿಲ್ಲ? ಉತ್ತರವು 22, 23ನೆಯ ಅಧ್ಯಾಯಗಳಲ್ಲಿದೆ. ಐಗುಪ್ತದಲ್ಲಿ ಪರದೇಶಿಗಳಾಗಿದ್ದವರು ತಮ್ಮಲ್ಲಿಗೆ ಬಂದ ಪರದೇಶಿಯನ್ನು ಪೀಡಿಸಕೂಡದೆಂಬ ವಿಧಿಯು ಎರಡರಲ್ಲಿಯೂ ಬರುತ್ತದೆ. ತನ್ನ ಸಂಕೋಲೆ ಕಳಚುವುದು ಅರ್ಧ ವಿಮೋಚನೆ. ಅದನ್ನು ಮತ್ತೊಬ್ಬನಿಗೆ ತೊಡಿಸದಿರುವುದು ಉಳಿದರ್ಧ. ಆದುದರಿಂದ ಹೆಸರು ಸಾರ್ಥಕವೇ.

ಯೆಹೂದ್ಯರು ಪಸ್ಕದ ರಾತ್ರಿ ಐಗುಪ್ತಕ್ಕೆ ಬಂದ ಹತ್ತು ಬಾಧೆಗಳನ್ನು ಹೇಳುವಾಗ ಒಂದೊಂದಕ್ಕೂ ಪಾತ್ರೆಯಿಂದ ಒಂದು ತೊಟ್ಟು ದ್ರಾಕ್ಷಾರಸವನ್ನು ತೆಗೆಯುತ್ತಾರೆ. ಶತ್ರುವಿನ ನೋವಿನಿಂದ ನಮ್ಮ ಸಂತೋಷವು ಅಷ್ಟರಮಟ್ಟಿಗೆ ಕುಗ್ಗಬೇಕೆಂದು ಅದಕ್ಕೆ ಅರ್ಥ ಹೇಳುವುದುಂಟು. 2023ರ ಅಕ್ಟೋಬರಿನಿಂದ ಇಸ್ರೇಲಿನಲ್ಲಿಯೂ ಗಾಜಾದಲ್ಲಿಯೂ ಹರಿದ ನೆತ್ತರನ್ನು ನೆನೆದರೆ, ಶಾಂತಿಯ ಆಸೆಗೆ ಈ ತೊಟ್ಟಿಗಿಂತ ದೊಡ್ಡ ಆಧಾರವು ನನಗೆ ಕಾಣದು.

ದೂರದ ಮಾತು ಹಾಗಿರಲಿ. ಕನ್ನಡದಲ್ಲಿ ‘ಪರದೇಶಿ’ ಎಂಬುದು ದಿಕ್ಕಿಲ್ಲದವನೆಂಬ ಬೈಗುಳವೂ ಆಗಿದೆ. ನಮ್ಮ ಬೈಕಂಪಾಡಿಯ ಕಾರ್ಖಾನೆಗಳಿಗೆ ಹೊರರಾಜ್ಯಗಳಿಂದ ದುಡಿಯಲು ಬಂದವನನ್ನು ನಾವು ಏನೆಂದು ಕರೆಯುತ್ತೇವೆ? ಈ ಕಾಂಡವನ್ನು ಓದಿದುದಕ್ಕೆ, ಸಹೃದಯರೇ, ಅದೇ ಪರೀಕ್ಷೆ.